ಅರವತ್ತರಲ್ಲಿ ತೆಂಗಿನಮರ

ನವೆಂಬರ್ 4, ಮಂಗಳವಾರ. ಬೆಳಿಗ್ಗೆ

ಮತ್ತೊಂದು ಕಾಯಿ ಬಿತ್ತು. ಈ ಸಲ ಬಚ್ಚಲಿನ ಹಂಚಿನ ಮೇಲೆ. ನಾನು ಒಳಗೇ ಇದ್ದೆ, ತಲೆಗೆ ನೀರು ಹುಯ್ದುಕೊಳ್ಳುತ್ತಾ. ಸದ್ದಿಗೆ ಚೊಂಬು ಕೈಯಿಂದ ಜಾರಿತು. ಹಂಚಿನ ಚೂರು ಹಂಡೆಯೊಳಗೆ.

ಹೊರಗಿಂದ ಗಂಡನ ಸ್ವರ, ನನ್ನನ್ನು ಕರೆಯುವುದೇ ಹಾಗೆ: "ಏ ಹೆಣೆ, ಬದ್ಕಿದ್ಯಾ?"

ಬದುಕಿದ್ದೇನೆ. ನಿವೃತ್ತಳಾಗಿದ್ದೇನೆ ಅಷ್ಟೆ. ಹೋದ ಶುಕ್ರವಾರ ಬ್ಯಾಂಕಿನಲ್ಲಿ ಹಾರ ಹಾಕಿ, ಶಾಲು ಹೊದೆಸಿ, ಕೇಸರಿಬಾತ್ ತಿನ್ನಿಸಿ ಕಳಿಸಿದರು. ಅಷ್ಟು ವರ್ಷದ ಕ್ಯಾಶ್ ಕೌಂಟರ್ ಮುಗಿಯಿತು. ಒಂದು ವಿಚಿತ್ರ – ಶುಕ್ರವಾರ ಸಂಜೆಯವರೆಗೆ ನನಗೆ ನೋಟು ಎಣಿಸಲು ಬರುತ್ತಿತ್ತು. ಶನಿವಾರ ಬೆಳಿಗ್ಗೆಯಿಂದ ಬರುವುದಿಲ್ಲ. ಹಾಗೆ ಲೆಕ್ಕ.

ಇವರು ಅಂಗಡಿಗೆ ಹೋದರು. ಕುಂದಾಪುರದಲ್ಲಿ ಇವರದ್ದು ಮೋಟಾರ್ ರಿವೈಂಡಿಂಗ್. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿ, ಎಲ್ಲಕ್ಕೂ ಹೊಸ ತಂತಿ ಸುತ್ತುವುದು. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರಿಗೆ ಹಾರ ಹಾಕುವವರು ಯಾರೂ ಇಲ್ಲ.

ಕಾಯಿ ಕೊಯ್ಯುವ ಚಂದಯ್ಯ ದಸರಾ ಮುಗಿದ ಮೇಲೆ ಬರಬೇಕಿತ್ತು. ಬರಲಿಲ್ಲ. ಫೋನ್ ಮಾಡಿದೆ. ಮಗಳು ದಿವ್ಯಾ ಎತ್ತಿದಳು.

"ಅಪ್ಪಯ್ಯ ಇನ್ನ್ ಮರ ಹತ್ತುದಿಲ್ಲೆ ಶ್ರೀಲತಕ್ಕ. ಬೇರೆ ಜನ ಕಾಣಿ."

ಬೇರೆ ಜನ ಎಲ್ಲಿದ್ದಾರೆ ಈ ತಲ್ಲೂರಿನಲ್ಲಿ?

ನವೆಂಬರ್ 6

ಸಂಜೆ ಚಂದಯ್ಯನ ಮನೆಗೆ ಹೋದೆ. ನಮ್ಮ ಗದ್ದೆಯ ಆಚೆ, ಸಣ್ಣ ನೀರಿನ ತೋಡು ದಾಟಿದರೆ ಅವರ ಮನೆ. ಜಗಲಿಯಲ್ಲಿ ಕೂತಿದ್ದರು, ಒಗೆದ ಅಂಗಿ ಹಾಕಿಕೊಂಡು. ನಾನು ಅವರನ್ನು ಅಂಗಿಯಲ್ಲಿ ಕಂಡದ್ದೇ ಕಡಿಮೆ. ಯಾರದೋ ಮನೆಗೆ ನೆಂಟರಾಗಿ ಬಂದವರ ಹಾಗಿದ್ದರು.

ದಿವ್ಯಾ ಗೇರುಬೀಜದ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದಳು. ಚಾ ತಂದಿಟ್ಟು ಹೇಳಿದಳು – ಮಳೆ ಬಿಟ್ಟ ಹೊತ್ತಿಗೆ ಯಾರದೋ ತೋಟದಲ್ಲಿ ಮರದ ಮೇಲೆ ತಲೆ ತಿರುಗಿತಂತೆ. ಹೇಗೋ ಇಳಿದರಂತೆ. ಮನೆಯಲ್ಲಿ ಹೇಳಲೇ ಇಲ್ಲ. ಇನ್ನೊಂದು ದಿನ ಅಂಗಳದಲ್ಲಿ ಕುಸಿದು ಕೂತಾಗ ಬಾಯಿ ಬಿಟ್ಟದ್ದು. ಬಿ.ಪಿ. ತುಂಬಾ ಇತ್ತಂತೆ. ಅಂದೇ ಮಕ್ಕಳು ಕತ್ತಿ, ಕಾಲಿಗೆ ಹಾಕಿಕೊಳ್ಳುವ ಹಗ್ಗದ ತಳೆ ಎಲ್ಲ ಎತ್ತಿಟ್ಟರು.

ಚಂದಯ್ಯ ನಕ್ಕರು. "ನಿಮ್ಗ್ ಹಾರ ಹಾಕ್ರ್ ಅಂಬ್ರಲೆ ಅಮ್ಮ? ನಂಗ್ ಮಾತ್ರಿ ಕೊಟ್ರ್."

ನಾನೂ ನಕ್ಕೆ. ಸುಮ್ಮನೆ ಕೇಳಿದೆ – ನಮ್ಮ ಬಾವಿಯ ಬದಿಯ ಮರ ಇದೆಯಲ್ಲ, ಎಲ್ಲಕ್ಕಿಂತ ಎತ್ತರದ್ದು, ಅದರ ತುದಿಯಿಂದ ಏನು ಕಾಣುತ್ತದೆ? ಮದುವೆಯಾಗಿ ಬಂದಂದಿನಿಂದ ಅದರ ಬುಡದಲ್ಲಿ ನೀರು ಸೇದಿದ್ದೇನೆ. ಚಂದಯ್ಯ ಮೇಲಿಂದ "ನಿಮ್ಮವ್ರ್ ಬಂದ್ರ್ ಕಾಣಿ" ಎಂದು ಕೂಗಿದರೆ, ಇವರ ಸ್ಕೂಟರ್ ಗೇಟಿಗೆ ಬರುವುದು ಎಷ್ಟೋ ಹೊತ್ತಿನ ಮೇಲೆ.

ಚಂದಯ್ಯ ತಲೆ ಕೆರೆದುಕೊಂಡರು. "ಅದನ್ ಹೇಳೂಕ್ ಬತ್ತಿಲ್ಲೆ. ನೀವೇ ಹತ್ತಿ ಕಾಣ್ಕ್."

ತಮಾಷೆಗೆ ಹೇಳಿದ್ದು. ತೋಡು ದಾಟುವಾಗಲೂ ಅದೇ ತಲೆಯಲ್ಲಿ.

ನವೆಂಬರ್ 11

ತೆಂಗಿನಮರ ಹತ್ತಲು ಕಲಿಸುತ್ತಾರಂತೆ! ಮೆಷಿನ್‌ನಲ್ಲಿ. ಮೊಬೈಲಿನಲ್ಲಿ ಹುಡುಕಿದೆ, ಸಿಕ್ಕಿತು. ಹೆಂಗಸರೂ ಹತ್ತುತ್ತಾರೆ, ಚೂಡಿದಾರ ಹಾಕಿಕೊಂಡು, ಸೊಂಟಕ್ಕೆ ಬೆಲ್ಟ್. ಬ್ರಹ್ಮಾವರದಲ್ಲಿ ಒಂದು ಸಂಸ್ಥೆಯವರ ತರಬೇತಿ. ಫೋನ್ ಮಾಡಿದೆ.

"ಯಾರಿಗೆ ಮೇಡಂ? ಮಗನಿಗಾ?"

"ನನಗೆ."

ಬಹಳ ಮರ್ಯಾದೆಯಿಂದ ವಯಸ್ಸು ಕೇಳಿದರು. ಹೇಳಿದೆ. ನಲವತ್ತೈದರವರೆಗೆ ಮಾತ್ರವಂತೆ. ವಿಮೆಯ ನಿಯಮ. ಪಾಪ, ಅವರದೇನೂ ತಪ್ಪಿಲ್ಲ. ಅಣಬೆ ಕೃಷಿಗೆ ವಯಸ್ಸಿನ ಮಿತಿ ಇಲ್ಲ, ಬರ್ತೀರಾ ಎಂದು ಬೇರೆ ಕೇಳಿದರು.

ಸಿಟ್ಟು ಬರಲಿಲ್ಲ. ಕುತೂಹಲ ಬಂತು. ನಲವತ್ತೈದು ಯಾಕೆ? ಅರವತ್ತು ಯಾಕೆ? ಯಾವ ಊರಿನಲ್ಲಿ, ಯಾವ ಕೋಣೆಯಲ್ಲಿ ಕೂತು, ಯಾರು ಈ ಅಂಕಿ ಆರಿಸಿದರು? ಹೋದ ವರ್ಷ ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಪೂರ್ತಿ ಬದಲಾಯಿಸಿದರು. ಐವತ್ತೊಂಬತ್ತರಲ್ಲಿ ಕೂತು ಕಲಿತೆ, ಶಾಖೆಯಲ್ಲಿ ಮೊದಲು ಕಲಿತವಳು ನಾನೇ. ಆಗ ಯಾರೂ ವಯಸ್ಸು ಕೇಳಲಿಲ್ಲ. ಅವರಿಗೆ ಬೇಕಾದಾಗ ನಾವು ಕಲಿಯಬಹುದು. ನಮಗೆ ಬೇಕಾದಾಗ...

ಅಣಬೆ ಬೇಡ.

ನವೆಂಬರ್ 16, ಭಾನುವಾರ

ಮಗಳು ನಿಶ್ಮಿತಾ ಬಂದಿದ್ದಳು ಬ್ರಹ್ಮಾವರದಿಂದ. ಅಲ್ಲಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಊಟಕ್ಕೆ ಕೂತಾಗ ಹೇಳಿದೆ. ಮೀನಿನ ಮುಳ್ಳು ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು.

"ಅಮ್ಮ, ನಿಂಗೆ ಮರ್ಲಾ? ಬಿದ್ದ್ ಸೊಂಟ ಮುರ್ಕಂಡ್ ಬಪ್ಪುವರನ್ನ ದಿನಾ ಕಾಂತೆ ನಾನ್. ಬಚ್ಚಲಂಗೆ ಜಾರಿ ಬಿದ್ದವ್ರ್ ಅವ್ರೆಲ್ಲ. ನೀನ್ ಮರದಿಂದ ಬೀಳ್ತೆ ಅಂತೆ!"

"ಬೀಳ್ತೆ ಅಂತ ಹೇಳ್ಲಿಲ್ಲೆ. ಹತ್ತುತ್ತೆ ಅಂದೆ."

ಇವರು ಸಾರು ಸುರಿದುಕೊಳ್ಳುತ್ತಾ ಸುಮ್ಮನಿದ್ದರು. ಇವರು ಸುಮ್ಮನಿದ್ದರೆ ಒಪ್ಪಿಗೆ ಎಂದೂ ಅಲ್ಲ, ವಿರೋಧ ಎಂದೂ ಅಲ್ಲ.

ಊಟವಾದ ಮೇಲೆ ನಿಶ್ಮಿತಾ ನನ್ನನ್ನು ಚಾವಡಿಯಲ್ಲಿ ನಿಲ್ಲಿಸಿದಳು. ಒಂಟಿ ಕಾಲಲ್ಲಿ ನಿಲ್ಲು. ಕಣ್ಣು ಮುಚ್ಚಿ ನಿಲ್ಲು. ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳು, ಕೂರು, ಏಳು. ಅವಳ ಬೆರಳು ಹಿಂಡು. ನನ್ನನ್ನು ಸೋಲಿಸಲಿಕ್ಕೆಂದೇ ಶುರು ಮಾಡಿದ್ದು, ಗೊತ್ತಾಗುತ್ತಿತ್ತು. ಬರುಬರುತ್ತಾ ಅವಳ ಮುಖ ಬದಲಾಯಿತು. ಆಸ್ಪತ್ರೆಯ ಮುಖ ಬಂತು.

"ಎಡಗಾಲ್ ಅಷ್ಟಕ್ಕಷ್ಟೆ. ಬಲಗಾಲ್ ಬೆಸ್ಟ್. ಕೈ... ಹಿಡಿತ ಎಲ್ಲಿಂದ ಬಂತ್ ನಿಂಗೆ?"

ನೋಟಿನ ಕಟ್ಟುಗಳಿಂದ ಇರಬೇಕು. ಅಥವಾ ಬಾವಿಯಿಂದ.

ಹೋಗುವಾಗ ಶರತ್ತು ಹಾಕಿದಳು. ಬಿ.ಪಿ. ನೋಡಿಸಬೇಕು. ಬೆಲ್ಟ್ ಇಲ್ಲದೆ ಒಂದು ಅಡಿಯೂ ಇಲ್ಲ. ಒಬ್ಬಳೇ ಇದ್ದಾಗ ಇಲ್ಲವೇ ಇಲ್ಲ. ಎಡಗಾಲಿಗೆ ದಿನಾ ವ್ಯಾಯಾಮ. ಒಪ್ಪಿದೆ.

ನವೆಂಬರ್ 27

ಇವರು ಸ್ಕೂಟರಿನ ಮುಂದೆ ಒಂದು ಗೋಣಿಕಟ್ಟು ಇಟ್ಟುಕೊಂಡು ಬಂದರು. ನೆಲಕ್ಕೆ ಇಳಿಸಿದಾಗ ಝಣ್ ಎಂದಿತು. ಮೆಷಿನ್! ಶಂಕರನಾರಾಯಣದಲ್ಲಿ ಇವರ ಗಿರಾಕಿಯೊಬ್ಬರ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತಂತೆ. ಮಗ ಉಮೇದಿನಲ್ಲಿ ತಂದು, ಎರಡು ದಿನ ಹತ್ತಿ ಬಿಟ್ಟದ್ದು.

"ಕೇಬಲ್ ಹೋಯಿತ್. ನಾನ್ ಬೇರೆ ಹಾಕ್ಸಿ ಕೊಡ್ತೆ. ಅಲ್ಲೀವರಿಗೆ ಮುಟ್ಬೇಡ," ಎಂದು ಒಳಗೆ ಹೋದರು. ನನ್ನ ಮುಖ ನೋಡಲಿಲ್ಲ.

ಅಷ್ಟು ದಿನ ಸುಮ್ಮನಿದ್ದು ಹುಡುಕುತ್ತಿದ್ದರು! ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯ ನನಗೆ ಪೂರ್ತಿ ತಿಳಿದಿಲ್ಲ.

ಡಿಸೆಂಬರ್ 1

ಇವರು ಹೊಸ ಕೇಬಲ್ ಹಾಕಿಸಿ, ಸೊಂಟದ ಬೆಲ್ಟೂ ತಂದುಕೊಟ್ಟರು. ಮೆಷಿನ್ ಎತ್ತಿಕೊಂಡು, ಕಲಿಸಿ ಎಂದು ಚಂದಯ್ಯನ ಹತ್ತಿರ ಹೋದೆ. ಅವರು ಮೆಷಿನ್ ಕಂಡು ಹಿಂದೆ ಸರಿದರು.

"ಕಬ್ಬಿಣ ಹಿಡ್ಕಂಡ್ ಹತ್ತುದ್ ನಂಗೂ ಗೊತ್ತಿಲ್ಲೆ ಅಮ್ಮ. ನಂದ್ ಬರೀ ಕಾಲ್, ತಳೆ."

ಸರಿ, ಇಬ್ಬರೂ ಕಲಿಯುವುದು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿದೆವು. ಮಲಯಾಳಂ. ಮಾತು ಒಂದೂ ಅರ್ಥವಾಗಲಿಲ್ಲ, ಕಾಲು ಅರ್ಥವಾಯಿತು. ಎರಡು ಚೌಕಟ್ಟು – ಎಡದ್ದೊಂದು, ಬಲದ್ದೊಂದು. ಪ್ರತಿಯೊಂದಕ್ಕೂ ಮರವನ್ನು ಬಳಸುವ ತಂತಿಹಗ್ಗ, ಕೆಳಗೆ ಪಾದ ಇಡುವ ಜಾಗ, ಮೇಲೆ ಹಿಡಿಕೆ. ಭಾರ ಹಾಕಿದರೆ ಹಗ್ಗ ಮರವನ್ನು ಕಚ್ಚುತ್ತದೆ. ಭಾರ ತೆಗೆದರೆ ಸಡಿಲ. ಒಂದು ಕಚ್ಚಿ ಹಿಡಿದಾಗ ಇನ್ನೊಂದನ್ನು ಮೇಲೆ ಒಯ್ಯುವುದು. ಅಷ್ಟೇ.

ಚಂದಯ್ಯ ಒಂದೇ ವಿಡಿಯೋ ಆರು ಸಲ ಹಾಕಿಸಿದರು. ಬೆರಳಿನಿಂದ ಸ್ಕ್ರೀನ್ ನಿಲ್ಲಿಸುವುದನ್ನೂ ಕಲಿತರು.

ದಿವ್ಯಾ ಬಾಗಿಲಲ್ಲಿ ನಿಂತಿದ್ದಳು. "ಶ್ರೀಲತಕ್ಕ, ಅಪ್ಪಯ್ಯ ಬಾಯಲ್ ಹೇಳ್ಲಿ. ಕಾಲ್ ಮಾತ್ರ ನೆಲದ್ ಮೇಲೇ ಇರ್ಕ್. ನೀವ್ ಕಾಣ್ಕಣ್ಕ್."

ನಾನು ಮಾತು ಕೊಟ್ಟೆ.

ಡಿಸೆಂಬರ್ 3

ಮೊದಲ ದಿನ. ಕೊಟ್ಟಿಗೆಯ ಹಿಂದಿನ ಗಿಡ್ಡ ಮರ. ನಿಶ್ಮಿತಾಳ ಹಳೇ ಟ್ರ್ಯಾಕ್ ಪ್ಯಾಂಟು, ಇವರ ಅಂಗಿ.

ಮೊಣಕಾಲೆತ್ತರಕ್ಕೆ ಹೋಗಿ ಸಿಕ್ಕಿಕೊಂಡೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಚಂದಯ್ಯ ಸುತ್ತಲೂ ನಡೆದು ಪರೀಕ್ಷಿಸಿದರು. "ನೀವ್ ಎರಡೂ ಕಾಲಂಗ್ ನಿಂತಿದ್ರಿ ಅಮ್ಮ. ಒಂದನ್ನ ಮರೀಕ್."

ಒಂದು ಕಾಲನ್ನು ಮರೆಯುವುದು! ಹೇಗೆ ಎಂದು ಕೇಳಿದೆ. ಅವರಿಗೂ ಗೊತ್ತಿಲ್ಲ. ಅರ್ಧ ಗಂಟೆ ಇಬ್ಬರೂ ಅದನ್ನೇ ಚರ್ಚೆ ಮಾಡಿದೆವು, ನಾನು ಮರಕ್ಕೆ ಅಂಟಿಕೊಂಡೇ.

ಡಿಸೆಂಬರ್ 4

ತೋಳು ಎತ್ತಲು ಆಗುತ್ತಿಲ್ಲ. ಜಡೆ ಇವರು ಹಾಕಿದರು. ಮೋಟಾರಿಗೆ ಸುತ್ತಿದ ಹಾಗೆ ಬಿಗಿ.

ಡಿಸೆಂಬರ್ 12

ಬಂತು! ಒಂದು ಕಾಲು ಮರೆಯಲು ಬಂತು. ಯೋಚಿಸಿದರೆ ಆಗದು. ಚಂದಯ್ಯ ಕೆಳಗೆ ನಿಂತು ಬೇರೆ ಏನೋ ಮಾತು ತೆಗೆದರು – ನಾಗ ಎಂಬ ಅವರ ಅಣ್ಣ ಕೋಡಿಯ ಕಡಲತಡಿಯಲ್ಲಿ ದೋಣಿಯಿಂದ ಬಿದ್ದು ಏಡಿ ಹಿಡಿದುಕೊಂಡು ಎದ್ದ ಕಥೆ – ನಗುತ್ತಾ ಇದ್ದ ಹಾಗೇ ಕಾಲುಗಳು ತಾವೇ ನಡೆದವು. ನೋಡಿದರೆ ಬಚ್ಚಲಿನ ಮಾಡು ನನ್ನ ಕೆಳಗೆ. ಒಡೆದ ಹಂಚು ಒಂದಲ್ಲ, ಮೂರು.

ಪಕ್ಕದ ಮನೆ ಸುಂದರಿ ಟೆರೇಸಿನಲ್ಲಿ ಹಪ್ಪಳ ಒಣಗಿಸುತ್ತಿದ್ದವಳು ತಲೆ ಎತ್ತಿದಳು. ಕಣ್ಣಿಗೆ ಕಣ್ಣು.

"ಹ್ವಾಯ್! ಶ್ರೀಲತಕ್ಕಾ! ಎಂತ ಆಯ್ತ್ ನಿಮ್ಗೆ?"

"ಎಂತ ಆಯ್ಲಿಲ್ಲೆ. ಕಲೀತಿದ್ದೆ."

"ಈ ಪ್ರಾಯದಂಗಾ?"

ಸಂಜೆಯೊಳಗೆ ತಲ್ಲೂರಿಗೆಲ್ಲ ಸುದ್ದಿ. ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಯಾರೋ ಕೇಳಿದರಂತೆ, ಪೆನ್ಶನ್ ಸಾಲ್ತಿಲ್ಯಾ ಎಂದು. ಇವರು ಹೇಳುತ್ತಾ ತಾವೇ ನಕ್ಕರು.

ಡಿಸೆಂಬರ್ 19, ಶುಕ್ರವಾರ

ಬೆಳಿಗ್ಗೆ ಮೀನು ತರಲು ಹೋಗಿದ್ದೆ. ಬಂಗುಡೆ ತೆಗೆದುಕೊಂಡು ಬಂದು ಹಿತ್ತಿಲಿಗೆ ಹೋದರೆ – ಮರದ ಮೇಲೆ ಚಂದಯ್ಯ.

ಮೆಷಿನ್‌ನಲ್ಲಿ. ಅರ್ಧ ಮರಕ್ಕೆ ಬಂದಿದ್ದರು. ಬೆಲ್ಟ್ ಹಾಕಿಕೊಂಡಿದ್ದರು, ಅಷ್ಟು ಪುಣ್ಯ. ಎರಡೂ ಕೈ ಮರವನ್ನು ತಬ್ಬಿ, ಕೆನ್ನೆ ಮರಕ್ಕೆ ಆನಿಸಿ ಸುಮ್ಮನೆ ನಿಂತಿದ್ದರು. ಹತ್ತುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ.

ಕೂಗಲು ಹೆದರಿಕೆಯಾಯಿತು. ಮೀನಿನ ಚೀಲ ಹಿಡಿದುಕೊಂಡೇ ಬುಡಕ್ಕೆ ಹೋದೆ. ಮೆಲ್ಲಗೆ, "ಚಂದಯ್ಯ, ನಾನಿದ್ದೆ ಇಲ್ಲ್," ಎಂದೆ. ಸ್ವಲ್ಪ ಹೊತ್ತಿನ ಮೇಲೆ ಎಡ ಚೌಕಟ್ಟು ಅಲುಗಿತು. ಒಂದೊಂದೇ ಹೆಜ್ಜೆ ಇಳಿದರು. ನೆಲ ಮುಟ್ಟಿದಾಗ ಮುಖವೆಲ್ಲ ಬೆವರು.

ನಾನು ಬೈದೆ. ಏನೇನು ಬೈದೆ ನೆನಪಿಲ್ಲ. ಅವರು ತಲೆ ತಗ್ಗಿಸಿ ಬೆಲ್ಟ್ ಬಿಚ್ಚಿದರು. "ಒಂದ್ ಕಾಣ್ಕಿತ್ತ್ ಅಮ್ಮ. ಕಂಡಾಯ್ತ್." ಅಷ್ಟೇ ಹೇಳಿ ಗದ್ದೆಗೆ ಇಳಿದು ಹೋದರು.

ಏನು ಕಾಣಬೇಕಿತ್ತು? ದಿವ್ಯಾಳಿಗೆ ಹೇಳಬೇಕೋ ಬೇಡವೋ? ಮಾತು ಕೊಟ್ಟವಳು ನಾನು. ಮೆಷಿನ್ ಹೊರಗೆ ಬಿಟ್ಟು ಹೋದವಳೂ ನಾನು.

ಹೇಳಲಿಲ್ಲ.

ಡಿಸೆಂಬರ್ 22

ದಿವ್ಯಾ ಬಂದಳು. ಚಪ್ಪಲಿ ಬಿಚ್ಚಲಿಲ್ಲ, ಅಂಗಳದಲ್ಲೇ ನಿಂತಳು. ಸುಂದರಿ ಟೆರೇಸಿನಿಂದ ಕಂಡದ್ದನ್ನು ಹೇಳಿದ್ದಳಂತೆ.

"ನೀವ್ ಹತ್ತುದ್ ನಿಮ್ಗ್ ಆಟ ಶ್ರೀಲತಕ್ಕ. ಬೇಡ ಅಂತ್ಹೇಳಿ ಕಂಡ್ರೆ ನಾಳೆ ಬಿಡ್ಬಹುದ್. ಅಪ್ಪಯ್ಯಂಗ್ ಅದ್ ಆಟ ಅಲ್ಲ. ಮತ್ತೆ ಆಸಿ ಹುಟ್ಸಿದ್ರಿ ನೀವ್. ಬಿದ್ದಿದ್ರೆ ನೀವ್ ಬಂದ್ ಎತ್ತುವರಾ?"

ಇವರು ಒಳಗಿಂದ ಬಂದು ನಿಂತರು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಮೆಷಿನ್ ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದೆ.

ಜನವರಿ 7

ಬಹಳ ದಿನ ಬರೆಯಲಿಲ್ಲ. ಹೊಸ ವರ್ಷ ಬಂದು ಹೋಯಿತು. ಟಿ.ವಿ. ನೋಡಿದೆ. ಸೀರೆಗಳಿಗೆಲ್ಲ ಬಿಸಿಲು ತೋರಿಸಿದೆ. ಬ್ಯಾಂಕಿನ ವಿನಯಾ ಫೋನ್ ಮಾಡಿ, ನೀವಿಲ್ಲದೆ ಬೇಜಾರು ಎಂದಳು. ನನಗೆ ಬ್ಯಾಂಕ್ ನೆನಪಾಗಲಿಲ್ಲ. ಅರ್ಧ ಮರದಲ್ಲಿ ಕೆನ್ನೆ ಆನಿಸಿ ನಿಂತ ಆ ಮುದುಕ ನೆನಪಾದರು.

ಕಾಯಿ ಬೀಳುತ್ತಲೇ ಇವೆ. ಬಾವಿಯ ಬದಿಗೆ ಯಾರೂ ಹೋಗಬಾರದು ಎಂದು ಇವರ ಆಜ್ಞೆ.

ಏನು ಕಾಣಬೇಕಿತ್ತು ಅವರಿಗೆ? ಕೇಳದೆ ಇರಲು ಆಗುವುದಿಲ್ಲ ನನ್ನಿಂದ.

ಜನವರಿ 11, ಭಾನುವಾರ

ಹೋದೆ. ದಿವ್ಯಾ ಇದ್ದಾಗಲೇ ಹೋಗಬೇಕೆಂದು ಭಾನುವಾರ ಹೋದೆ. ಅವಳು ಅಕ್ಕಿ ಕೇರುತ್ತಿದ್ದಳು. ತಪ್ಪಾಯಿತು ಎಂದೆ. "ಕೂಕಣಿ," ಎಂದು ಮಣೆ ತಳ್ಳಿದಳು, ಮೊರದಿಂದ ಕಣ್ಣೆತ್ತದೆ.

ಚಂದಯ್ಯ ಜಗಲಿಯ ಮೂಲೆಯಲ್ಲಿ. ಕೇಳಿಯೇ ಬಿಟ್ಟೆ – ಆ ದಿನ ಯಾಕೆ ಹತ್ತಿದಿರಿ?

ಅವರು ಮಗಳ ಕಡೆ ನೋಡಿದರು. ಮತ್ತೆ ನಿಧಾನವಾಗಿ ಹೇಳಿದರು. ಅವರ ಮಾತನ್ನು ಹಾಗೆ ಹಾಗೇ ಬರೆದಿಡುತ್ತೇನೆ, ಮರೆಯುವ ಮೊದಲು.

"ಹನ್ನೆರಡ್ ವರ್ಷದಂಗೆ ಹತ್ತೂಕೆ ಶುರು ಮಾಡ್ದೆ. ಹೆದ್ರಿಕೆ ಅಂದ್ರೆ ಎಂತ ಅಂತ್ಹೇಳಿ ಗೊತ್ತಿಲ್ಲೆ ನಂಗೆ. ಆ ದಿನ ತಲಿ ತಿರ್ಗಿತಲ್ಲ, ಆಗ ಬಂತ್. ಮೊದಲ್ನೇ ಸರ್ತಿ. ಕಡೀಗೆ ಮನಿಯಂಗೆ ಹೇಳುವತಿಗೂ ತಲಿ ತಿರ್ಗಿತ್ ಅಂದೆ. ಹೆದ್ರಿಕೆ ಆಯ್ತ್ ಅಂತ ಹೇಳ್ಲಿಲ್ಲೆ."

ಮೊರ ನಿಂತಿತು.

"ಮಕ್ಕಳ್ ಕತ್ತಿ ತೆಗ್ದಿಟ್ರ್. ಸರಿಯೇ. ಆದ್ರೆ ಆ ಹೆದ್ರಿಕೆ ಇನ್ನೂ ಒಳಗಿತ್ತಾ, ಹೋಯಿತಾ, ನಂಗೇ ಗೊತ್ತಿಲ್ಲೆ. ಇದ್ರ ಮಧ್ಯದಂಗೆ ನಿಮ್ಮ ಮೆಷಿನ್ ಬಂತ್. ಬೆಲ್ಟ್ ಇತ್ತ್, ಬಿದ್ರೂ ಬೀಳ್ತಿಲ್ಲೆ. ಒಂದ್ ಸರ್ತಿ ಹತ್ತಿ ಕಾಂಬ ಅಂತ ಕಂಡಿತ್. ಅರ್ಧ ಮರಕ್ಕ್ ಹೋದೆ. ಇತ್ತ್. ಅಲ್ಲೇ ಕೂತಿತ್."

"ಅಪ್ಪಯ್ಯ..." ಎಂದಳು ದಿವ್ಯಾ.

"ಈಗ ಸಾಕ್. ನೀವ್ ಹೇಳಿ ನಾನ್ ನಿಲ್ಸುದ್ ಬೇರೆ ಮಗಾ. ನಾನೇ ಕಂಡ್, ನಾನೇ ಸಾಕ್ ಅಂದದ್ ಬೇರೆ. ಆ ದಿನ ಗದ್ದಿ ದಾಟಿ ಬಪ್ಪತಿಗೆ ಮೈ ಹಗುರ ಆಯ್ತ್."

ಕೋಳಿಯೊಂದು ಮೊರಕ್ಕೆ ಬಾಯಿ ಹಾಕಿತು. ದಿವ್ಯಾ ಓಡಿಸಲಿಲ್ಲ. ಎದ್ದು ಒಳಗೆ ಹೋಗಿ ತುಂಬಾ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಮೂರು ಲೋಟ ಚಾ.

ಸಂಜೆಯಿಂದ ಯೋಚಿಸುತ್ತಿದ್ದೇನೆ. ನನ್ನ ಅರವತ್ತನ್ನು ಯಾರೋ ಮೊದಲೇ ಬರೆದಿಟ್ಟಿದ್ದರು. ಆ ತಾರೀಕು ಬಂತು, ಎದ್ದು ಬಂದೆ. ಒಳಗೆ ಏನಿತ್ತು, ಏನು ಮುಗಿದಿತ್ತು, ಏನು ಮುಗಿದಿರಲಿಲ್ಲ, ನೋಡಿಯೇ ಇಲ್ಲ. ಚಂದಯ್ಯ ನೋಡಿ ಬಂದರು.

ಜನವರಿ 18, ಭಾನುವಾರ

ಅಪ್ಪ ಮಗಳು ಇಬ್ಬರೂ ಬಂದರು. "ಅದನ್ ಅಟ್ಟದಿಂದ ಇಳ್ಸಿ, ತುಕ್ಕ್ ಹಿಡೀತ್," ಎಂದಳು ದಿವ್ಯಾ. ಕ್ಷಮಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳುವವಳಲ್ಲ ಅವಳು.

ಇವರು ಎಣ್ಣೆ ಬಿಟ್ಟು ಕೊಟ್ಟರು. ನಾನು ಗಿಡ್ಡ ಮರದಲ್ಲಿ ಎರಡು ಸಲ ಹತ್ತಿ ಇಳಿದೆ. ಮರೆತಿರಲಿಲ್ಲ! ಆಶ್ಚರ್ಯ – ತಲೆ ಮರೆತಿತ್ತು, ಕಾಲಿಗೆ ನೆನಪಿತ್ತು.

ದಿವ್ಯಾ ನೋಡುತ್ತಾ ಇದ್ದಳು. "ನಾನೊಂದ್ ಕಾಂತೆ." ಮೂವತ್ನಾಲ್ಕು ವರ್ಷ, ಮರ ಹತ್ತುವವನ ಮಗಳು, ಬ್ರಹ್ಮಾವರದವರು ಕರೆದು ಸೇರಿಸಿಕೊಂಡಾರು. ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಅವಳು ನಾಲ್ಕು ಹೆಜ್ಜೆ ಹತ್ತಿ, ಕೆಳಗೆ ನೋಡಿ, "ಯಬ್ಬ, ನಂಗ್ ಬ್ಯಾಡ ಮರಾಯ್ರೆ!" ಎಂದು ಕಿರುಚಿ ಇಳಿದಳು. ಇಳಿದ ಮೇಲೂ ನಗು ನಿಲ್ಲಲಿಲ್ಲ ಅವಳಿಗೆ. ಚಂದಯ್ಯನಿಗೂ.

ಜನವರಿ 25, ಭಾನುವಾರ. ಮಧ್ಯಾಹ್ನ

ಇವತ್ತು ಬಾವಿಯ ಬದಿಯ ಮರ. ತುದಿಯವರೆಗೆ.

ಬಾವಿಗೆ ಇವರು ಬೆಳಿಗ್ಗೆಯೇ ಹಲಗೆ, ಬಲೆ ಹಾಕಿದ್ದರು. ನಿಶ್ಮಿತಾ ಬಂದು ಬಿ.ಪಿ. ನೋಡಿದಳು, ಬೆಲ್ಟ್ ಎಳೆದು ಎಳೆದು ನೋಡಿದಳು. ಚಂದಯ್ಯ ಮರದ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನೂ ಹಾಗೇ ಮಾಡಿದೆ.

ಮಾಡಿನೆತ್ತರದವರೆಗೆ ಗೊತ್ತಿದ್ದದ್ದೇ. ಆಮೇಲೆ ಗಾಳಿ. ಕೆಳಗೆ ಇರಲೇ ಇಲ್ಲ ಆ ಗಾಳಿ. ಮರ ಮೇಲೆ ಹೋದ ಹಾಗೆ ಸಪೂರ, ಹಗ್ಗ ಬಿಗಿ ಮಾಡಿಕೊಳ್ಳಬೇಕು. ಒಂದು ಕಡೆ ನಿಂತೆ. ಮರ ಅಲ್ಲಾಡುತ್ತಿತ್ತು! ಇಷ್ಟು ವರ್ಷ ಅಲುಗದೆ ನಿಂತಿದೆ ಎಂದುಕೊಂಡ ಮರ. ನಿಂತೇ ಇಲ್ಲ ಅದು, ಯಾವಾಗಲೂ ತೂಗುತ್ತಲೇ ಇರುತ್ತದೆ. ಕೆಳಗಿರುವವರಿಗೆ ಗೊತ್ತಾಗುವುದಿಲ್ಲ.

ಅಲ್ಲೇ ನನಗೂ ಹೆದರಿಕೆ ಬಂತು. ಕೆನ್ನೆ ಮರಕ್ಕೆ ತಾಗಿತು, ನನಗೆ ತಿಳಿಯದೆ. ಕೆಳಗಿಂದ ಯಾರೂ ಕೂಗಲಿಲ್ಲ. ಚಂದಯ್ಯ ಸನ್ನೆ ಮಾಡಿ ಎಲ್ಲರನ್ನೂ ಸುಮ್ಮನಾಗಿಸಿದ್ದರಂತೆ. ಆ ಹೆದರಿಕೆಯನ್ನು ನೋಡುತ್ತಾ ನಿಂತೆ. ಅದು ಬೆಳೆಯುತ್ತದೆಯೋ, ಇಳಿಯುತ್ತದೆಯೋ? ಬೆಳೆದಿದ್ದರೆ ಇಳಿಯುತ್ತಿದ್ದೆ, ನಾಚಿಕೆಯಿಲ್ಲದೆ. ಬೆಳೆಯಲಿಲ್ಲ. ಕೂತಲ್ಲೇ ಕೂತಿತ್ತು. ಅದರ ಪಕ್ಕದಿಂದ ದಾಟಿ ಮೇಲೆ ಹೋದೆ.

ತುದಿಯಲ್ಲಿ ಒಂದು ಊರೇ ಇದೆ. ಕೆಂಪಿರುವೆಯ ಸಾಲು. ಅಳಿಲು ಕೊರೆದ ಕಾಯಿ. ಕಾಗೆಯ ಗೂಡು, ಅದರಲ್ಲಿ ಇವರ ಅಂಗಡಿಯಿಂದ ಬಂದಂತಹ ತಾಮ್ರದ ತಂತಿ. ಆಗಷ್ಟೇ ಬಿರಿದ ಹೊಂಬಾಳೆ, ತುಂಬಾ ಜೇನುನೊಣ. ಆ ವಾಸನೆ ಕೆಳಗೆ ಬರುವುದೇ ಇಲ್ಲ, ಮೇಲೆ ಹೋದವರಿಗೆ ಮಾತ್ರ.

ತಿರುಗಿ ನೋಡಿದೆ. ಪಡುವಲಲ್ಲಿ ಹೊಳೆ, ಅದರಾಚೆ ಸಮುದ್ರದ ಗೆರೆ. ಮೂಡಲಲ್ಲಿ ಘಟ್ಟ. ಹೈವೇಯಲ್ಲಿ ಬಸ್ಸು, ಸದ್ದಿಲ್ಲದೆ. ಮಧ್ಯದಲ್ಲೆಲ್ಲ ತೆಂಗಿನ ತಲೆಗಳು, ಗಾಳಿಗೆ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಾ. ಆ ಹಸಿರಿನ ಕೆಳಗೆ ನಾವೆಲ್ಲ ಇದ್ದೇವೆ ಎಂದು ಒಂದು ಗುರುತೂ ಇಲ್ಲ.

ಒಂದೇ ಕಾಯಿ ತಿರುಚಿ ಕೆಡವಿದೆ. ಇಳಿದಾಗ ನಿಶ್ಮಿತಾ ತಬ್ಬಿಕೊಂಡು ಅತ್ತಳು, ನಾಡಿ ಹಿಡಿದುಕೊಂಡೇ.

ಫೆಬ್ರವರಿ 3

ಇವತ್ತು ಮೂರು ಮರ. ಕತ್ತಿ ಹಿಡಿಯುವುದು ಇನ್ನೊಂದು ವಿದ್ಯೆ. ಒಣ ಮಡಲು ನನ್ನ ಮೇಲೆಯೇ ಬಿತ್ತು. ಚಂದಯ್ಯ ಕೆಳಗೆ ನಿಂತು ಯಾವ ಗೊನೆ ಬಲಿತಿದೆ ಎಂದು ಕೋಲಿನಲ್ಲಿ ತೋರಿಸುತ್ತಾರೆ. ಅಂಗಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾರೆ. ಸುಂದರಿ ಬೇಲಿಯ ಹತ್ತಿರ ಬಂದು, "ನಮ್ದೂ ಎರಡ್ ಮರ ಇತ್ತಲೆ ಶ್ರೀಲತಕ್ಕ..." ಎಂದಳು. ಯೋಚಿಸುತ್ತೇನೆ ಎಂದೆ. ಅವಳು ಸ್ವಲ್ಪ ದಿನ ಕಾಯಲಿ.

ಫೆಬ್ರವರಿ 17

ಇವರು ರಾತ್ರಿ ಊಟ ಮಾಡುತ್ತಾ ಇದ್ದಕ್ಕಿದ್ದ ಹಾಗೆ ಕೇಳಿದರು. "ಚಂದಯ್ಯ ಎಂತ ಹೇಳ್ದ ಅಂದೆ? ನಿಲ್ಸುಕ್ ಮುಂಚೆ ಹತ್ತಿ ಕಂಡೆ ಅಂತ್ಹೇಳಿಯಾ?"

ಹೌದು ಎಂದೆ. ಜನವರಿಯಲ್ಲೇ ಹೇಳಿದ್ದೆ. ಅಂದಿನಿಂದ ಒಳಗೇ ಇಟ್ಟುಕೊಂಡಿದ್ದರು.

ಅನ್ನ ಕಲಸುತ್ತಾ, ನನ್ನನ್ನು ನೋಡದೆ ಹೇಳಿದರು. ವರ್ಷದಿಂದ ಸಪೂರ ತಂತಿ ಎರಡೆರಡಾಗಿ ಕಾಣುತ್ತದಂತೆ. ಕನ್ನಡಕ ಎರಡು ಸಲ ಬದಲಾಯಿಸಿದರು, ನನಗೆ ಹೇಳಲಿಲ್ಲ. ಬೆರಳೂ ಮೊದಲಿನ ಹಾಗೆ ಇಲ್ಲ. ಅಂಗಡಿಯ ಹುಡುಗ ಅಕ್ಷಯ್ ಸುತ್ತುತ್ತಾನೆ, ಇವರು ಕೌಂಟರಿನಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತಾಡುತ್ತಾರೆ. ಮೋಟಾರ್ ಕೊಡುವಾಗ ನಾನೇ ಮಾಡಿದ್ದು ಎನ್ನುತ್ತಾರೆ.

ಇಷ್ಟು ದಿನ ನಾನು ಮರದ ಮೇಲಿಂದ ಊರೆಲ್ಲ ನೋಡಿದೆ. ಇದೇ ಚಾಪೆಯಲ್ಲಿ ಎದುರಿಗೆ ಕೂತವರನ್ನು ನೋಡಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಹೋಪ. ಅದಕ್ ಮುಂಚೆ ಒಂದ್ ಮೋಟಾರ್ ಪೂರ್ತಿ ನಾನೇ ಕಟ್ಟಿ ಕಾಣ್ಕ್. ಅಕ್ಷಯ್ ಎದ್ರಿಗೆ ಬ್ಯಾಡ. ಮನಿಯಂಗೆ."

ಫೆಬ್ರವರಿ 22, ಭಾನುವಾರ. ಮಧ್ಯಾಹ್ನ

ಚಾವಡಿಯಲ್ಲಿ ಹಳೇ ಸೀರೆ ಹಾಸಿ, ಅದರ ಮೇಲೆ ಅರ್ಧ ಎಚ್.ಪಿ. ಪಂಪು. ಹೆಮ್ಮಾಡಿಯ ಯಾರದೋ. ಸುಟ್ಟ ಸುರುಳಿ ಬೆಳಿಗ್ಗೆಯೇ ಕಿತ್ತು ತೆಗೆದರು, ಮನೆಯೆಲ್ಲ ಅದರ ವಾಸನೆ. ತಂತಿ ಕೂರುವ ಕಬ್ಬಿಣದ ಸಂದುಗಳಿಗೆ ಕಾಗದ ಮಡಚಿ ತೂರಿಸಿದರು. ಅದು ಸುಲಭವಾಗಿ ಆಯಿತು. ಕೈಗೆ ಗೊತ್ತಿದೆ.

ಈಗ ತಂತಿ. ಹೊಸದು, ಕೂದಲಿನಷ್ಟಲ್ಲದಿದ್ದರೂ ಹತ್ತಿರ ಹತ್ತಿರ, ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. ನಾನು ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಸಹಾಯ ಮಾಡಬಾರದು, ಕೇಳಿದರೆ ಮಾತ್ರ. ಚಂದಯ್ಯ ನನಗೆ ಮಾಡಿದ ಹಾಗೆ ಸುಮ್ಮನೆ ಇರಬೇಕು. ಎಷ್ಟು ಕಷ್ಟ ಅದು, ಕೆಳಗೆ ನಿಂತವರದ್ದು!

ಮೊದಲ ಸುರುಳಿ ಸಂದಿಗೆ ಇಳಿಯಿತು. ಎರಡನೆಯದು ಒಂದು ಸಲ ತಪ್ಪಿತು. ಬಿಚ್ಚಿದರು, ಮತ್ತೆ ಹಾಕಿದರು. ಹಣೆಯಲ್ಲಿ ಬೆವರು. ಕನ್ನಡಕ ತೆಗೆದು ಬದಿಗಿಟ್ಟರು. ಈಗ ನೋಡುತ್ತಿಲ್ಲ, ಕಣ್ಣು ಮುಚ್ಚಿ ಬೆರಳಿನಲ್ಲೇ ಹುಡುಕುತ್ತಿದ್ದಾರೆ. ಇದಾದರೆ ಏನು ಹೇಳುತ್ತಾರೆ? ಆಗದಿದ್ದರೆ? ನನಗೆ ಗೊತ್ತಿಲ್ಲ. ಅವರಿಗೂ.

"ಏ ಹೆಣೆ, ಬರಿಯೂದ್ ಬಿಡ್. ಈ ತುದಿ ಒಂಚೂರ್ ಹಿಡ್ಕೊ. ಎಳೂಕಾಗ. ಸುಮ್ನೆ ಹಿಡ್ಕಂಡಿರ್..."

ಹೋಗುತ್ತೇನೆ. ಉಳಿದದ್ದು ಮತ್ತೆ ಬರೆಯುವುದು.